ಜರಡಿಯ ಲೆಕ್ಕ ಹೇಳಿದ ಲುಡ್ವಿಗ್

ಹೋದ ತಿಂಗಳು ರಜೆಯ ದಿನ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಕುಂದಾಪುರ ಕಡೆಯ ಹುಡುಗನೊಬ್ಬ ಮುಖ ಬಾಡಿಸಿಕೊಂಡು ರೂಮಿಗೆ ಬಂದ. ಕೈಯಲ್ಲಿ ರಕ್ತಪರೀಕ್ಷೆಯ ರಿಪೋರ್ಟು. "ಅಣ್ಣಾ, ನನ್ ಕಿಡ್ನಿ ಹೋಯ್ತ್ ಕಾಣಿ" ಅಂದ. ಊಟ ಅಲ್ಲಿಗೇ ನಿಂತಿತು.

ವಿಷಯ ಇಷ್ಟೇ. ಕ್ಲಿನಿಕ್ಕಿನಲ್ಲಿ ಜ್ವರಕ್ಕೆಂದು ಹೋದವನಿಗೆ ರಕ್ತಪರೀಕ್ಷೆ ಮಾಡಿಸಿದ್ದರು. ಕ್ರಿಯಾಟಿನಿನ್ ಎಂಬುದರ ಮುಂದೆ 92 ಎಂದು ಬರೆದಿತ್ತು. ಅವನು ಅದರ ಫೋಟೋ ತೆಗೆದು ಊರಿನಲ್ಲಿರುವ ಅಣ್ಣನಿಗೆ ಕಳಿಸಿದ. ಅಣ್ಣ ಅದನ್ನು ಪೇಟೆಯ ಮೆಡಿಕಲ್ ಶಾಪಿನಲ್ಲಿ ತೋರಿಸದೆ, ಬರೀ ಬಾಯಲ್ಲಿ "ಕ್ರಿಯಾಟಿನಿನ್ ಎಷ್ಟಿರಬೇಕು?" ಎಂದು ಕೇಳಿದ. "ಒಂದು, ಒಂದೂಕಾಲು ಇದ್ದರೆ ಸರಿ, ಐದಾರು ಆದರೆ ಡಯಾಲಿಸಿಸ್" ಎಂದು ಉತ್ತರ ಬಂತು. ಹಾಗಾದರೆ 92? ಮನೆಯಲ್ಲಿ ಅಮ್ಮ ಅಳಲು ಶುರುಮಾಡಿದರು. ಅಕ್ಕ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡಳು.

ಈ ಅಂಕಣ ಬರೆಯುವ ನಾವು ಇಬ್ಬರೂ ಡಾಕ್ಟರರಲ್ಲ. ನಮ್ಮಲ್ಲಿ ಒಬ್ಬ ಸ್ಟೋರ್ ಕೀಪರ್, ಇನ್ನೊಬ್ಬ ಲ್ಯಾಬಿನಲ್ಲಿ ಟೆಕ್ನಿಷಿಯನ್. ಆವತ್ತು ಲ್ಯಾಬಿನವನು ರೂಮಿನಲ್ಲಿದ್ದದ್ದು ಪುಣ್ಯ. ಊರಿನ ಲ್ಯಾಬುಗಳು ಕ್ರಿಯಾಟಿನಿನ್ ಅನ್ನು ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುತ್ತವೆ, ಇಲ್ಲಿನ ಹಲವು ಲ್ಯಾಬುಗಳು ಮೈಕ್ರೋಮೋಲ್ ಲೆಕ್ಕದಲ್ಲಿ ಬರೆಯುತ್ತವೆ. ಊರಿನ 1 ಅಂದರೆ ಇಲ್ಲಿನ 88. ಇಲ್ಲಿನ 92ನ್ನು 88ರಿಂದ ಭಾಗಿಸಿದರೆ ಒಂದಕ್ಕಿಂತ ಚೂರು ಮೇಲೆ. ಹುಡುಗನ ಕಿಡ್ನಿಗೆ ಏನೂ ಆಗಿರಲಿಲ್ಲ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಅರ್ಥ ಮಾಡಿಸುವ ಹೊತ್ತಿಗೆ ಸಾರು ತಣ್ಣಗಾಗಿತ್ತು.

ಆಮೇಲೆ ಆ ಹುಡುಗ ಕೇಳಿದ ಪ್ರಶ್ನೆಯೇ ಈ ತಿಂಗಳ ಅಂಕಣಕ್ಕೆ ಕಾರಣ. "ರಕ್ತದಾಗೆ ಎಂಥದ್ದೋ ಒಂದ್ ನಂಬರ್ ಕಂಡ್ಕಂಡ್ ಕಿಡ್ನಿ ಸರಿ ಇತ್ತಾ ಇಲ್ಯಾ ಅಂದೇಳಿ ಹ್ಯಾಂಗ್ ಗೊತ್ತಾತ್ತ್ ಅಣ್ಣಾ?" ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸುಮಾರು 180 ವರ್ಷ ಹಿಂದಿನ ಜರ್ಮನಿಗೆ, ಕಾರ್ಲ್ ಲುಡ್ವಿಗ್ ಎಂಬ ವೈದ್ಯನ ಹತ್ತಿರ ಹೋಗಿ ನಿಲ್ಲುತ್ತೇವೆ.

ಲುಡ್ವಿಗ್ ಹುಟ್ಟಿದ್ದು 1816ರ ಡಿಸೆಂಬರ್ 29ರಂದು, ಈಗಿನ ಹೆಸ್ಸೆ ರಾಜ್ಯದ ವಿಟ್ಸೆನ್‌ಹೌಸೆನ್ ಎಂಬ ಸಣ್ಣ ಪಟ್ಟಣದಲ್ಲಿ. ವೆರಾ ನದಿಯ ದಂಡೆಯ ಊರು, ಇಂದಿಗೂ ಚೆರಿ ಹಣ್ಣಿನ ತೋಟಗಳಿಗೆ ಹೆಸರುವಾಸಿ. ಅಪ್ಪ ಒಂದು ಕಾಲದಲ್ಲಿ ಕುದುರೆಪಡೆಯ ಅಧಿಕಾರಿ, ಆಮೇಲೆ ಸರ್ಕಾರಿ ನೌಕರ. ಹುಡುಗ ಹಾನೌ ಊರಿನಲ್ಲಿ ಶಾಲೆ ಓದಿ 1834ರಲ್ಲಿ ಮಾರ್ಬುರ್ಗ್ ವಿಶ್ವವಿದ್ಯಾಲಯಕ್ಕೆ ವೈದ್ಯಕೀಯ ಕಲಿಯಲು ಸೇರಿದ.

ಸೇರಿದವನು ತೆಪ್ಪಗಿರಲಿಲ್ಲ. ಆ ಕಾಲದ ಜರ್ಮನ್ ವಿದ್ಯಾರ್ಥಿಗಳಿಗೆ ಕತ್ತಿ ಹಿಡಿದು ದ್ವಂದ್ವ ಆಡುವ ಚಟ. ಲುಡ್ವಿಗ್ಗೂ ಇತ್ತು. ಅದರ ಗುರುತಾಗಿ ಮೇಲ್ದುಟಿಯ ಮೇಲೊಂದು ಗಾಯದ ಕಲೆ ಬದುಕಿರುವ ತನಕ ಉಳಿಯಿತು. ಅದರ ಮೇಲೆ ರಾಜಕೀಯದ ಗೀಳು ಬೇರೆ. ಕಡೆಗೆ ಮಾರ್ಬುರ್ಗ್ ಬಿಡಬೇಕಾಗಿ ಬಂತು. ಎರ್ಲಾಂಗೆನ್‌ನಲ್ಲಿ, ಬಾಂಬೆರ್ಗ್‌ನಲ್ಲಿ ಓದಿ ತಿರುಗಿ ಮಾರ್ಬುರ್ಗ್‌ಗೇ ಬಂದು ಡಾಕ್ಟರ್ ಪದವಿ ಪಡೆದ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ "ಈ ಹುಡುಗ ಉದ್ಧಾರ ಆಗಲ್ಲ" ಎಂದು ಕೈಬಿಟ್ಟಿರುತ್ತಿದ್ದರು ಅನ್ನಿ.

1841ರಲ್ಲಿ ಅದೇ ಮಾರ್ಬುರ್ಗ್‌ನ ಅಂಗರಚನಾ ವಿಭಾಗದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಹೆಣ ಕೊಯ್ದು ವಿದ್ಯಾರ್ಥಿಗಳಿಗೆ ಸಿದ್ಧಮಾಡಿ ಕೊಡುವ ಕೆಲಸ. ಆ ಊರಿನಲ್ಲಿ ಆಗ ರಾಬರ್ಟ್ ಬುನ್ಸೆನ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಶಾಲೆಯ ಪ್ರಯೋಗಾಲಯದಲ್ಲಿ ನೀಲಿ ಉರಿಯ ಬರ್ನರ್ ನೋಡಿದವರಿಗೆ ಆ ಹೆಸರು ನೆನಪಿರುತ್ತದೆ. ಅವರ ಸಹವಾಸ ಲುಡ್ವಿಗ್ಗೆ ಹಿಡಿಸಿತು. ತಕ್ಕಡಿ, ಕೊಳವೆ, ಒತ್ತಡ, ಉಷ್ಣ ಇವುಗಳ ಭಾಷೆಯಲ್ಲೇ ದೇಹವನ್ನೂ ಓದಬಹುದು ಎಂಬ ಹಟ ಅವನಿಗೆ ಬಂದದ್ದು ಅಲ್ಲಿ.

ಇದು ಹಟ ಯಾಕೆ ಅಂದರೆ, ಆಗ ಬಹುಪಾಲು ವೈದ್ಯರು ನಂಬಿದ್ದು 'ಜೀವಶಕ್ತಿ'ಯನ್ನು. ಮೂತ್ರಪಿಂಡ ಮೂತ್ರ ಮಾಡುತ್ತದೆ, ಯಾಕೆಂದರೆ ಅದರೊಳಗೊಂದು ಜೀವಶಕ್ತಿ ಇದೆ. ಅದು ರಕ್ತದಲ್ಲಿ ಕೆಟ್ಟದ್ದು ಯಾವುದು ಎಂದು ತಿಳಿದು ಆರಿಸಿ ಹೊರಹಾಕುತ್ತದೆ. ಹಾಗೆಂದ ಮೇಲೆ ಮುಂದೆ ಪ್ರಶ್ನೆ ಕೇಳುವಂತೆಯೇ ಇಲ್ಲ. ಲುಡ್ವಿಗ್ಗೆ ಈ ಉತ್ತರ ಸಾಕಾಗಲಿಲ್ಲ.

1842ರಲ್ಲಿ ಅವನು ಅಧ್ಯಾಪಕನಾಗುವ ಅರ್ಹತೆಗಾಗಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧ ಬರೆದ. ಮೂತ್ರ ಸ್ರವಿಸಲು ನೆರವಾಗುವ ಭೌತಿಕ ಬಲಗಳ ಕುರಿತು ಎಂಬುದು ಅದರ ತಲೆಬರಹ. ಆಗ ಅವನಿಗೆ 25 ವರ್ಷ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಕಿಡ್ನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಣ್ಣ ಸಣ್ಣ ನೂಲಿನ ಉಂಡೆಗಳಂಥವು ಕಾಣುತ್ತವೆ. ಕೂದಲಿಗಿಂತ ತೆಳುವಾದ ರಕ್ತನಾಳಗಳು ಸುರುಳಿ ಸುತ್ತಿಕೊಂಡ ಉಂಡೆ. ಇಟಲಿಯ ಮಾಲ್ಪಿಘಿ 17ನೆಯ ಶತಮಾನದಲ್ಲೇ ಇವನ್ನು ನೋಡಿದ್ದ. ಒಂದೊಂದು ಕಿಡ್ನಿಯಲ್ಲಿ ಇಂಥವು ಸುಮಾರು ಹತ್ತು ಲಕ್ಷ ಇವೆ. ಒಂದೊಂದು ಉಂಡೆಯ ಸುತ್ತ ಬಟ್ಟಲಿನಂಥ ಹೊದಿಕೆ, ಬಟ್ಟಲಿನ ತಳದಿಂದ ಹೊರಟ ಉದ್ದನೆಯ ಸಣ್ಣ ನಳಿಕೆ. ಬಟ್ಟಲಿಗೂ ನಳಿಕೆಗೂ ಇರುವ ಈ ಸಂಬಂಧವನ್ನು ಲಂಡನ್ನಿನಲ್ಲಿ ವಿಲಿಯಂ ಬೌಮನ್ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಅದೇ 1842ರಲ್ಲಿ.

ಲುಡ್ವಿಗ್ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ. ಉಂಡೆಯೊಳಗೆ ರಕ್ತ ತರುವ ನಾಳ ಅಗಲ, ಹೊರಗೆ ಒಯ್ಯುವ ನಾಳ ಇಕ್ಕಟ್ಟು. ನಮ್ಮಲ್ಲಿ ಪ್ಲಂಬಿಂಗ್ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದಿಂಚಿನ ಪೈಪಿನಲ್ಲಿ ನೀರು ಬಿಟ್ಟು ಅರ್ಧ ಇಂಚಿನಲ್ಲಿ ಹೊರಗೆ ತೆಗೆದರೆ ನಡುವೆ ಒತ್ತಡ ನಿಲ್ಲುತ್ತದೆ. ಆ ನಡುವಿನ ಪೈಪಿನ ಗೋಡೆ ತೆಳುವಾಗಿ, ಸೂಕ್ಷ್ಮ ತೂತುಗಳಿಂದ ಕೂಡಿದ್ದರೆ ನೀರು ಹೊರಗೆ ಜಿನುಗುತ್ತದೆ. ಹಾಗೇ ಹೃದಯ ತಳ್ಳಿದ ಒತ್ತಡಕ್ಕೆ ರಕ್ತದೊಳಗಿನ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲವೂ ಬಟ್ಟಲಿಗೆ ಸೋಸಿ ಬೀಳುತ್ತವೆ. ರಕ್ತಕಣಗಳೂ ಪ್ರೋಟೀನೂ ದೊಡ್ಡವು, ಜರಡಿಯ ಮೇಲೇ ಉಳಿಯುತ್ತವೆ. ಇದರಲ್ಲಿ ಜೀವಶಕ್ತಿಯ ಆಯ್ಕೆ ಏನಿಲ್ಲ. ಬರೀ ಒತ್ತಡ, ಬರೀ ಜರಡಿ.

ಹಾಗಾದರೆ ಒಳ್ಳೆಯದೂ ಸೋಸಿ ಹೋಯಿತಲ್ಲ? ಅದಕ್ಕೂ ಅವನಲ್ಲಿ ಉತ್ತರವಿತ್ತು. ನೀರು ಕಳೆದುಕೊಂಡ ರಕ್ತ ಗಟ್ಟಿಯಾಗಿರುತ್ತದೆ. ಅದೇ ರಕ್ತ ಮುಂದೆ ಹರಿದು ನಳಿಕೆಯ ಸುತ್ತ ಬಲೆ ಹೆಣೆಯುತ್ತದೆ. ಗಟ್ಟಿ ರಕ್ತ ನಳಿಕೆಯೊಳಗಿನ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೊನೆಗೆ ಉಳಿದ ಸ್ವಲ್ಪ ಗಟ್ಟಿ ದ್ರವವೇ ಮೂತ್ರ. ಮೊದಲು ಎಲ್ಲವನ್ನೂ ಹೊರಗೆ ಚೆಲ್ಲಿ, ಆಮೇಲೆ ಬೇಕಾದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ವಿಧಾನ. ಮನೆ ಗುಡಿಸುವಾಗ ಇಡೀ ಸಾಮಾನು ಅಂಗಳಕ್ಕೆ ಹಾಕಿ, ಬೇಕಾದ್ದನ್ನು ಒಳಗೆ ತಂದು, ಉಳಿದದ್ದನ್ನು ತಿಪ್ಪೆಗೆ ಎಸೆದ ಹಾಗೆ.

ಈ ಎರಡನೆಯ ಮಾತು ಪೂರ್ತಿ ಸರಿಯಿರಲಿಲ್ಲ. ನಳಿಕೆಯ ಗೋಡೆಯ ಜೀವಕೋಶಗಳು ಸುಮ್ಮನೆ ಕೂತಿರುವುದಿಲ್ಲ, ಶಕ್ತಿ ಖರ್ಚುಮಾಡಿ ಉಪ್ಪು, ಸಕ್ಕರೆಯನ್ನು ಹಿಂದಕ್ಕೆ ಎಳೆಯುತ್ತವೆ ಎಂಬುದು ಬಹಳ ಕಾಲದ ನಂತರ ಗೊತ್ತಾಯಿತು. ಆದರೆ 'ಮೊದಲು ಸೋಸುವುದು, ಆಮೇಲೆ ಹಿಂದಕ್ಕೆ ಹೀರುವುದು' ಎಂಬ ಚೌಕಟ್ಟು ಇವತ್ತಿಗೂ ನಿಂತಿದೆ.

ಒತ್ತಡವೇ ಕಾರಣ ಎಂದ ಮೇಲೆ ಒತ್ತಡ ಅಳೆಯಬೇಕಲ್ಲ. ಪಾದರಸದ ಕೊಳವೆಯಿಂದ ರಕ್ತದೊತ್ತಡ ನೋಡುವುದು ಫ್ರಾನ್ಸಿನ ಪ್ವಾಸೆಯ್ ಆಗಲೇ ಮಾಡಿದ್ದ. ಆದರೆ ಪಾದರಸ ಒಂದೇ ಸಮನೆ ಮೇಲೆ ಕೆಳಗೆ ಕುಣಿಯುತ್ತದೆ, ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಲುಡ್ವಿಗ್ 1846-47ರ ಹೊತ್ತಿಗೆ ಒಂದು ಉಪಾಯ ಮಾಡಿದ. ಪಾದರಸದ ಮೇಲೆ ತೇಲುವ ಒಂದು ತುಂಡು, ಅದಕ್ಕೊಂದು ಕಡ್ಡಿ, ಕಡ್ಡಿಯ ತುದಿಗೆ ಲೇಖನಿ. ಎದುರಿಗೆ ಗಡಿಯಾರದ ಯಂತ್ರದಿಂದ ನಿಧಾನವಾಗಿ ತಿರುಗುವ ಡ್ರಮ್ಮು, ಅದರ ಮೇಲೆ ಕಾಗದ. ಒತ್ತಡ ಏರಿದಂತೆ ಇಳಿದಂತೆ ಲೇಖನಿ ಅಲೆಯ ಗೆರೆ ಎಳೆಯುತ್ತಾ ಹೋಗುತ್ತದೆ. ಕೈಮೋಗ್ರಾಫ್ ಎಂದು ಅದರ ಹೆಸರು. ಆಸ್ಪತ್ರೆಯ ಐಸಿಯುವಿನಲ್ಲಿ ಬೆಡ್ಡಿನ ಪಕ್ಕ ಓಡುವ ಗೆರೆಗಳನ್ನು ನೋಡಿದ್ದೀರಲ್ಲ, ಆ ವಂಶದ ಅಜ್ಜ ಇದು.

ಆಮೇಲಿನ ಬದುಕನ್ನು ಬೇಗ ಹೇಳಿಬಿಡುತ್ತೇವೆ. 1849ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಪ್ರಾಧ್ಯಾಪಕ. 1855ರಲ್ಲಿ ವಿಯೆನ್ನಾದಲ್ಲಿ ಸೈನ್ಯದ ಶಸ್ತ್ರವೈದ್ಯರನ್ನು ತಯಾರುಮಾಡುವ ಜೋಸೆಫಿನುಮ್ ಸಂಸ್ಥೆಗೆ. 1865ರಲ್ಲಿ ಲೈಪ್‌ಜಿಗ್‌ಗೆ. ಕೆಲಸ ಸಿಕ್ಕಲ್ಲಿಗೆ ಗಂಟುಮೂಟೆ ಕಟ್ಟುವುದು ನಮಗೊಬ್ಬರಿಗೇ ಬಂದದ್ದಲ್ಲ. ಜ್ಯೂರಿಕ್‌ನಲ್ಲಿದ್ದಾಗ ಗೋಲ್ ಎಂಬ ಶಿಷ್ಯನಿಂದ ಪ್ರಯೋಗ ಮಾಡಿಸಿ, ರಕ್ತದೊತ್ತಡ ಇಳಿದರೆ ಮೂತ್ರವೂ ಇಳಿಯುತ್ತದೆ ಎಂದು ತೋರಿಸಿದರು. ಅದೇ ಕಾಲಕ್ಕೆ ಜೊಲ್ಲಿನ ಗ್ರಂಥಿಯನ್ನೂ ಪರೀಕ್ಷೆ ಮಾಡಿದರು. ಅಲ್ಲಿ ಬೇರೆಯೇ ಕಥೆ. ನರವನ್ನು ಕೆಣಕಿದಾಗ ಜೊಲ್ಲಿನ ಕೊಳವೆಯೊಳಗಿನ ಒತ್ತಡ ರಕ್ತದ ಒತ್ತಡಕ್ಕಿಂತ ಜಾಸ್ತಿ ಆಯಿತು. ಕಡಿಮೆ ಒತ್ತಡದಿಂದ ಹೆಚ್ಚು ಒತ್ತಡದ ಕಡೆಗೆ ಸೋಸಲು ಆಗುವುದಿಲ್ಲ. ಅಂದರೆ ಜೊಲ್ಲು ಸೋಸಿ ಬಂದದ್ದಲ್ಲ, ಗ್ರಂಥಿ ತಾನೇ ಮಾಡಿದ್ದು. ಎಲ್ಲವೂ ಜರಡಿ ಎಂದು ಹಟ ಹಿಡಿಯದೆ, ಜರಡಿ ಅಲ್ಲದ್ದನ್ನು ಅಲ್ಲ ಎಂದು ತಾವೇ ತೋರಿಸಿಕೊಟ್ಟರು. ನಮಗೆ ಈ ಮನುಷ್ಯ ಇಷ್ಟವಾಗಲು ಶುರುವಾದದ್ದು ಇಲ್ಲಿ.

ಲೈಪ್‌ಜಿಗ್‌ನಲ್ಲಿ 1869ರಲ್ಲಿ ಅವರಿಗಾಗಿ ಹೊಸ ಶರೀರಶಾಸ್ತ್ರ ಸಂಸ್ಥೆಯ ಕಟ್ಟಡ ಎದ್ದಿತು. ಒಂದು ಭಾಗ ಪ್ರಯೋಗಗಳಿಗೆ, ಒಂದು ರಸಾಯನಕ್ಕೆ, ಇನ್ನೊಂದು ಸೂಕ್ಷ್ಮದರ್ಶಕದ ಕೆಲಸಕ್ಕೆ. ಅಲ್ಲಿಂದ ಮುಂದಿನ ಇಪ್ಪತ್ತೈದು ವರ್ಷ ಲೋಕದ ಮೂಲೆಮೂಲೆಯಿಂದ ತರುಣ ವೈದ್ಯರು ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೆ ಬಂದರು. ಅಮೆರಿಕದಿಂದ ಬೌಡಿಚ್, ಇಟಲಿಯಿಂದ ಮೊಸ್ಸೊ, ಡೆನ್ಮಾರ್ಕಿನಿಂದ ಕ್ರಿಸ್ಟಿಯನ್ ಬೋರ್, ರಷ್ಯಾದಿಂದ ಪಾವ್ಲೋವ್. ನಾಯಿ, ಗಂಟೆ, ಜೊಲ್ಲು ಎಂದು ಶಾಲೆಯಲ್ಲಿ ಓದಿದ ಅದೇ ಪಾವ್ಲೋವ್, 1904ರಲ್ಲಿ ನೊಬೆಲ್ ಪಡೆದವರು. ಶಿಷ್ಯರ ಲೆಕ್ಕ 200ಕ್ಕೂ ಮೇಲೆ. ಎಷ್ಟೋ ಮಂದಿಗೆ ಜರ್ಮನ್ ಸರಿಯಾಗಿ ಬರುತ್ತಿರಲಿಲ್ಲ.

ಅಲ್ಲಿ ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ವಿಷಯವನ್ನು ಲುಡ್ವಿಗ್ ಕೊಡುವರು. ಪ್ರಯೋಗದ ಬಹುಪಾಲು ಅವರು ಮತ್ತು ಅವರ ಪ್ರಯೋಗಾಲಯದ ಸಹಾಯಕ ಸಾಲ್ವೆನ್‌ಮೋಸರ್ ಕೂಡಿ ಮಾಡುವರು, ಶಿಷ್ಯ ಪಕ್ಕದಲ್ಲಿ ನಿಂತು ಕಲಿಯುವನು. ಎಷ್ಟೋ ಸಲ ಕೊನೆಗೆ ಲೇಖನವನ್ನೂ ಲುಡ್ವಿಗ್ಗೇ ಬರೆದುಕೊಡುವರು. ಅಚ್ಚಾಗುವಾಗ ಮಾತ್ರ ಶಿಷ್ಯನ ಹೆಸರೊಂದೇ. ಹೀಗೆ ಅವರ ಜೀವಮಾನದ ಕೆಲಸದ ದೊಡ್ಡ ಪಾಲು ಬೇರೆಯವರ ಹೆಸರಿನಲ್ಲಿದೆ. ನಾವು ಕೆಲಸ ಮಾಡಿದ ಸೈಟುಗಳಲ್ಲಿ ಫೋರ್‌ಮನ್ ಮಾಡಿದ ಕೆಲಸ ಎಂಜಿನಿಯರ್ ಹೆಸರಿಗೆ, ಹೆಲ್ಪರ್ ಮಾಡಿದ ಕೆಲಸ ಫೋರ್‌ಮನ್ ಹೆಸರಿಗೆ ಹೋದದ್ದನ್ನು ಬೇಕಾದಷ್ಟು ನೋಡಿದ್ದೇವೆ. ಮೇಲಿನಿಂದ ಕೆಳಗೆ ಹೆಸರು ಹರಿದದ್ದನ್ನು ಓದಿದಾಗ ಎರಡು ಸಲ ಓದಬೇಕಾಯಿತು. ಸಾಲ್ವೆನ್‌ಮೋಸರನ ಹೆಸರು ಮಾತ್ರ ಯಾವ ಲೇಖನದ ಮೇಲೆ ಬಂತು ಎಂದು ಕೇಳಬೇಡಿ.

ಇನ್ನೊಂದು ಮಾತು. ಅವರ ಪ್ರಯೋಗಗಳೆಲ್ಲ ನಾಯಿ, ಮೊಲ, ಕಪ್ಪೆಗಳ ಮೇಲೆ ನಡೆದವು. ಅದೇ ಲುಡ್ವಿಗ್ ಲೈಪ್‌ಜಿಗ್‌ನ ಪ್ರಾಣಿದಯಾ ಸಂಘದಲ್ಲೂ ಮುಂದೆ ನಿಂತು ದುಡಿದರು. ಇದನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ನಮ್ಮಿಬ್ಬರಲ್ಲೇ ಒಮ್ಮತ ಇಲ್ಲ.

ಜರಡಿಯ ಮಾತನ್ನು ಎಲ್ಲರೂ ಒಪ್ಪಿದರೆಂದು ತಿಳಿಯಬೇಡಿ. ಬ್ರೆಸ್ಲಾವ್ ನಗರದಲ್ಲಿ ರುಡಾಲ್ಫ್ ಹೈಡೆನ್‌ಹೈನ್ ಎಂಬ ಇನ್ನೊಬ್ಬ ದೊಡ್ಡ ವಿದ್ವಾಂಸರಿದ್ದರು. ಅವರು ಪ್ರಾಣಿಯ ರಕ್ತಕ್ಕೆ ನೀಲಿ ಬಣ್ಣ ಬಿಟ್ಟು ನೋಡಿದರು. ರಕ್ತದೊತ್ತಡ ಇಳಿಸಿ ಮೂತ್ರ ನಿಲ್ಲಿಸಿದಾಗಲೂ ಬಣ್ಣ ನಳಿಕೆಯ ಜೀವಕೋಶಗಳಲ್ಲಿ ಕಂಡಿತು, ಉಂಡೆಯಲ್ಲಿ ಕಾಣಲಿಲ್ಲ. ಹಾಗಾದರೆ ಸೋಸುವುದೆಲ್ಲಿ ಬಂತು, ನಳಿಕೆಯೇ ಹೊರಹಾಕುತ್ತದೆ ಎಂದರು. ಅದರ ಮೇಲೆ ಒಂದು ಲೆಕ್ಕವನ್ನೂ ಇಟ್ಟರು. ಮನುಷ್ಯ ದಿನಕ್ಕೆ ಸುಮಾರು 35 ಗ್ರಾಂ ಯೂರಿಯಾ ಹೊರಹಾಕುತ್ತಾನೆ. ರಕ್ತದಲ್ಲಿ ಒಂದು ಲೀಟರಿಗೆ ಇರುವುದು ಅರ್ಧ ಗ್ರಾಂ. ಲುಡ್ವಿಗ್ ಹೇಳಿದಂತೆ ಬರೀ ಸೋಸುವುದಾದರೆ ದಿನಕ್ಕೆ 70 ಲೀಟರ್ ಸೋಸಬೇಕು! ಅದರಲ್ಲಿ 68 ಲೀಟರಿಗೂ ಹೆಚ್ಚು ಹಿಂದಕ್ಕೆ ಹೀರಬೇಕು! ಯಾರಾದರೂ ನಂಬುವ ಮಾತೇ?

ಲೆಕ್ಕ ಸರಿಯಾಗಿಯೇ ಇತ್ತು. ನಂಬಲಾಗದ್ದೇ ನಿಜವಾಗಿತ್ತು. ಇವತ್ತು ಗೊತ್ತಿರುವಂತೆ ಆರೋಗ್ಯವಂತ ಕಿಡ್ನಿಗಳು ದಿನಕ್ಕೆ ಸೋಸುವುದು 70 ಅಲ್ಲ, ಸುಮಾರು 180 ಲೀಟರ್. ನಮ್ಮ ರೂಮುಗಳಲ್ಲಿ ಡಿಸ್ಪೆನ್ಸರ್ ಮೇಲೆ ಇಡುವ ದೊಡ್ಡ ನೀರಿನ ಬಾಟಲಿ ಇದೆಯಲ್ಲ, ಐದು ಗ್ಯಾಲನ್ನಿನದು, ಅಂಥ ಒಂಬತ್ತು ಹತ್ತು ಬಾಟಲಿ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಹಿಂದಕ್ಕೆ ಹೋಗಿ, ಒಂದೂವರೆ ಎರಡು ಲೀಟರ್ ಮೂತ್ರವಾಗುತ್ತದೆ.

ಲುಡ್ವಿಗ್ ಇದನ್ನು ನೋಡಲಿಲ್ಲ. 1895ರ ಏಪ್ರಿಲ್‌ನಲ್ಲಿ ಲೈಪ್‌ಜಿಗ್‌ನಲ್ಲೇ ತೀರಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಅವರ ದೇಶದ ಇನ್ನೊಬ್ಬರು, ನಮ್ಮ ಕಿಟೆಲ್, ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದರು. ಇಬ್ಬರಿಗೂ ಸಂಬಂಧವಿಲ್ಲ. ಕಾಲ ಯಾವುದು ಎಂದು ಗೊತ್ತಾಗಲಿ ಅಂತ ಹೇಳಿದೆವು.

ಜರಡಿಯ ವ್ಯಾಜ್ಯ ತೀರ್ಮಾನವಾಗಲು 1924 ಬರಬೇಕಾಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೆರ್ನ್ ಮತ್ತು ರಿಚರ್ಡ್ಸ್ ಎಂಬಿಬ್ಬರು ಕಪ್ಪೆಯ ಕಿಡ್ನಿಯ ಒಂದೇ ಒಂದು ಬಟ್ಟಲಿಗೆ, ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ಸಣ್ಣ ಗಾಜಿನ ಸೂಜಿ ಚುಚ್ಚಿ ದ್ರವ ಹೀರಿದರು. ಅದರಲ್ಲಿ ಸಕ್ಕರೆ ಇತ್ತು, ಉಪ್ಪು ಇತ್ತು, ಪ್ರೋಟೀನ್ ಇರಲಿಲ್ಲ. ಕೊನೆಯಲ್ಲಿ ಬರುವ ಮೂತ್ರದಲ್ಲಿ ಸಕ್ಕರೆ ಇರಲಿಲ್ಲ. ಅಂದರೆ ಸೋಸಿದ್ದೂ ನಿಜ, ಹಿಂದಕ್ಕೆ ಹೀರಿದ್ದೂ ನಿಜ. ಇಪ್ಪತ್ತೈದರ ಹುಡುಗ ಲ್ಯಾಟಿನ್ನಿನಲ್ಲಿ ಬರೆದ ಮಾತಿಗೆ 82 ವರ್ಷದ ನಂತರ ಸಾಕ್ಷಿ ಸಿಕ್ಕಿತು. ಹೈಡೆನ್‌ಹೈನ್ ಕೂಡ ಪೂರ್ತಿ ಸೋಲಲಿಲ್ಲ. ಕೆಲವು ವಸ್ತುಗಳನ್ನು ನಳಿಕೆ ತಾನೇ ಹೊರಹಾಕುತ್ತದೆ ಎಂಬುದೂ ಅದೇ ಹೊತ್ತಿಗೆ ಸಾಬೀತಾಯಿತು.

ಅದೇ 1924ರ ಅಕ್ಟೋಬರ್‌ನಲ್ಲಿ, ಮಾರ್ಬುರ್ಗ್‌ನಿಂದ ಮೂವತ್ತು ಕಿಲೋಮೀಟರ್ ದೂರದ ಗೀಸೆನ್ ಊರಿನಲ್ಲಿ, ಗೇಯಾರ್ಗ್ ಹಾಸ್ ಎಂಬ ಜರ್ಮನ್ ವೈದ್ಯರು ಒಬ್ಬ ರೋಗಿಯ ರಕ್ತವನ್ನು ದೇಹದ ಹೊರಗೆ ತಂದು, ಕೃತಕ ಪೊರೆಯ ಕೊಳವೆಗಳಲ್ಲಿ ಹರಿಸಿ, ಹಿಂದಕ್ಕೆ ಸೇರಿಸಿದರು. ಮನುಷ್ಯನಿಗೆ ನಡೆದ ಮೊದಲ ಡಯಾಲಿಸಿಸ್ ಅದು, ನಡೆದದ್ದು 15 ನಿಮಿಷ. ಹಾಸ್ ಅವರ ಕಥೆ ಬೇರೆಯದೇ, ಇನ್ನೊಂದು ತಿಂಗಳು ಬರೆಯುತ್ತೇವೆ.

ಈಗ ಕುಂದಾಪುರದ ಹುಡುಗನ ಪ್ರಶ್ನೆಗೆ ಬರೋಣ. ನಮ್ಮ ಮಾಂಸಖಂಡಗಳು ದಿನಾ ಒಂದೇ ಸಮನಾಗಿ ಕ್ರಿಯಾಟಿನಿನ್ ಎಂಬ ಕಸವನ್ನು ರಕ್ತಕ್ಕೆ ಬಿಡುತ್ತವೆ. ಅದು ಜರಡಿಯಲ್ಲಿ ಸೋಸಿ ಹೋಗುತ್ತದೆ, ನಳಿಕೆ ಅದನ್ನು ಹಿಂದಕ್ಕೆ ಹೀರುವುದಿಲ್ಲ. ಆದ್ದರಿಂದ ರಕ್ತದಲ್ಲಿ ಅದು ಏರಿದರೆ ಜರಡಿ ಕಟ್ಟಿಕೊಂಡಿದೆ ಎಂದರ್ಥ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಕೆಳಗೆ ಇಜಿಎಫ್‌ಆರ್ ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ವಯಸ್ಸು ಮುಂತಾದ್ದನ್ನು ಸೇರಿಸಿ, ನಿಮ್ಮ ಜರಡಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ಅಂದಾಜು ಮಾಡಿದ ಲೆಕ್ಕ ಅದು. 90ರ ಮೇಲಿದ್ದರೆ ಚೆನ್ನ. 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಕಿಡ್ನಿ ಡಾಕ್ಟರರನ್ನು ನೋಡಲೇಬೇಕು. ಲುಡ್ವಿಗ್ಗರ ಜರಡಿ ನಿಮ್ಮ ರಿಪೋರ್ಟಿನ ಆ ಒಂದು ಸಾಲಿನಲ್ಲಿದೆ.

ಒಂದು ಮೋಸವೂ ಇದೆ. ಅರ್ಧದಷ್ಟು ಜರಡಿ ಹಾಳಾಗುವ ತನಕ ಕ್ರಿಯಾಟಿನಿನ್ ಎದ್ದು ಕಾಣುವಂತೆ ಏರುವುದಿಲ್ಲ. ನೋವಿಲ್ಲ, ಉರಿಯಿಲ್ಲ. ಹಾಗಾಗಿ ಒಂದು ಸಲದ ನಂಬರಿಗಿಂತ ವರ್ಷದಿಂದ ವರ್ಷಕ್ಕೆ ಅದು ಎತ್ತ ಹೋಗುತ್ತಿದೆ ಎಂಬುದು ಮುಖ್ಯ. ಹಳೇ ರಿಪೋರ್ಟು ಎಸೆಯಬೇಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಈ ಅಂಕಣ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ 92ರ ಹುಡುಗನ ಗಲಾಟೆ ಕೇಳಿ ಮಾರನೆಯ ಸಂಜೆ ಇನ್ನೊಬ್ಬರು ಬಂದರು. ಕೊಪ್ಪಳ ಕಡೆಯ ಹಿರಿಯರು, ಶಟರಿಂಗ್ ಕಾರ್ಪೆಂಟರ್, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಬಾಗಿಲು ಹಾಕಿ, ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದರು. "ನಂದೂ ಒಂದೀಟು ನೋಡ್ರಿ" ಅಂದರು. ಎಂಟು ತಿಂಗಳ ಹಳೆಯ ರಿಪೋರ್ಟು. ಕ್ರಿಯಾಟಿನಿನ್ 240.

ಎಂಟು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ವೀಸಾ ಮೆಡಿಕಲ್‌ನಲ್ಲಿ ಫೇಲ್ ಮಾಡಿ ಕಳಿಸುತ್ತಾರೆ ಎಂಬ ಭಯ. ನಾವಿರುವ ಈ ಯುಎಇಯಲ್ಲಿ ವೀಸಾ ನವೀಕರಣದ ಮೆಡಿಕಲ್‌ನಲ್ಲಿ ನೋಡುವುದು ಎಚ್‌ಐವಿ, ಟಿಬಿಯಂಥ ಸೋಂಕುಗಳನ್ನು. ಕ್ರಿಯಾಟಿನಿನ್ ನೋಡುವುದಿಲ್ಲ. ಭಯಕ್ಕೆ ಕಾರಣವಿರಲಿಲ್ಲ ಎನ್ನುವುದು ಒಂದು. ನಾವಾಗಿ ಹೋಗಿ ಮಾಡಿಸದಿದ್ದರೆ ಕಿಡ್ನಿಯನ್ನು ಯಾರೂ ನೋಡುವುದೇ ಇಲ್ಲ ಎನ್ನುವುದು ಇನ್ನೊಂದು.

ಅವರನ್ನು ಕೂಡಿಸಿ ಒಂದೊಂದೇ ಕೇಳಿದೆವು. ಬಿಪಿ ಇದೆಯಾ? ಗೊತ್ತಿಲ್ಲ. ಸಕ್ಕರೆ? ಇಲ್ಲ. ನೀರು? ಸೈಟಿನಲ್ಲಿ ಟಾಯ್ಲೆಟ್ ದೂರ, ಆರನೇ ಮಹಡಿಯಿಂದ ಇಳಿದು ಹೋಗಬೇಕು, ಆದ್ದರಿಂದ ಬೆಳಿಗ್ಗೆಯಿಂದ ನೀರು ಕಡಿಮೆ. ಮೂತ್ರದ ಬಣ್ಣ? "ಛಾದ ಬಣ್ಣ ಇರತೈತ್ರಿ." ಮಾತ್ರೆ? ಮೊಣಕಾಲು ನೋವಿಗೆ ದಿನಾ ಎರಡು, ಎರಡು ವರ್ಷದಿಂದ. ಊರಿನಿಂದ ಬರುವವರ ಕೈಯಲ್ಲಿ ಸ್ಟ್ರಿಪ್ಪುಗಟ್ಟಲೆ ತರಿಸಿಕೊಳ್ಳುತ್ತಿದ್ದರು. ಹೆಸರು ನೋಡಿದೆವು. ಡೈಕ್ಲೋಫೆನಾಕ್.

ಇಲ್ಲಿ ಲುಡ್ವಿಗ್ಗರ ಎರಡು ನಾಳಗಳನ್ನು ನೆನೆಸಿಕೊಳ್ಳಿ. ಜರಡಿ ಸೋಸಬೇಕಾದರೆ ಒಳಬರುವ ನಾಳ ಅಗಲವಾಗಿದ್ದು ಒತ್ತಡ ಇರಬೇಕು. ಬಿಸಿಲಿನಲ್ಲಿ ದುಡಿಯುವವನ ಮೈಯಿಂದ ಗಂಟೆಗೆ ಒಂದು ಲೀಟರ್, ಅದಕ್ಕೂ ಜಾಸ್ತಿ ಬೆವರು ಹೋಗಬಹುದು. ನೀರು ತುಂಬದಿದ್ದರೆ ರಕ್ತದ ಪ್ರಮಾಣ ಇಳಿದು ಕಿಡ್ನಿಗೆ ಬರುವ ಹರಿವು ಕಡಿಮೆಯಾಗುತ್ತದೆ. ಅಂಥ ಹೊತ್ತಿನಲ್ಲಿ ದೇಹ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ಸಹಾಯದಿಂದ ಒಳನಾಳವನ್ನು ಹಿಗ್ಗಿಸಿ ಹೇಗೋ ಒತ್ತಡ ಕಾಪಾಡಿಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ತಡೆಯುವುದು ಅದೇ ವಸ್ತುವನ್ನು. ನೋವು ಇಳಿಯುವುದೂ ಅದರಿಂದಲೇ, ಒಳನಾಳ ಬಿಗಿಯುವುದೂ ಅದರಿಂದಲೇ. ನೀರಿಲ್ಲದ ಮೈಗೆ ಆ ಮಾತ್ರೆ ಬಿದ್ದರೆ ಜರಡಿಯ ಮೇಲೆ ಒತ್ತಡವೇ ಇರುವುದಿಲ್ಲ. ಒಂದು ದಿನ, ಎರಡು ದಿನ ಆದರೆ ಕಿಡ್ನಿ ಸುಧಾರಿಸಿಕೊಳ್ಳಬಹುದು. ಎರಡು ವರ್ಷ ದಿನಾ ಆದರೆ?

ಇದು ನಮ್ಮ ಮರಳುಗಾಡಿನ ಕಥೆ ಮಾತ್ರ ಅಲ್ಲ. ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳಲ್ಲಿ ಬಿಸಿಲಿನಲ್ಲಿ ಕಬ್ಬು ಕಡಿಯುವ ತರುಣರಲ್ಲಿ, ಸಕ್ಕರೆ ಕಾಯಿಲೆ, ಬಿಪಿ ಇಲ್ಲದಿದ್ದರೂ ಕಿಡ್ನಿ ಹಾಳಾಗುವ ರೋಗವನ್ನು ವೈದ್ಯರು ವರ್ಷಗಳಿಂದ ನೋಡುತ್ತಿದ್ದಾರೆ. ಕಾರಣ ಪೂರ್ತಿ ತೀರ್ಮಾನವಾಗಿಲ್ಲ, ಆದರೆ ಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆ ಮುಂಚೂಣಿಯಲ್ಲಿವೆ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರ ವರೆಗೆ ಬಯಲಿನ ಕೆಲಸ ನಿಲ್ಲಿಸಬೇಕೆಂಬ ಕಾನೂನಿದೆ. ಆ ಹೊತ್ತು ನೆರಳಿನಲ್ಲಿ ಮೊಬೈಲ್ ನೋಡುತ್ತಾ ಕಳೆಯುವ ಬದಲು ಮೊದಲು ನೀರು ಕುಡಿಯಿರಿ, ಬಹಳ ಬೆವರಿದ ದಿನ ಒಂದು ಪ್ಯಾಕೆಟ್ ಓಆರ್‌ಎಸ್ ಬೆರೆಸಿಕೊಳ್ಳಿ. ಕೋಲಾ, ಎನರ್ಜಿ ಡ್ರಿಂಕು ಲೆಕ್ಕಕ್ಕಿಲ್ಲ. ನೋವಿನ ಮಾತ್ರೆ ದಿನಾ ಬೇಕಾಗುತ್ತಿದ್ದರೆ ಡಾಕ್ಟರರಿಗೆ ಆ ಮಾತ್ರೆಯ ಸ್ಟ್ರಿಪ್ಪನ್ನೇ ತೋರಿಸಿ ಕೇಳಿ. ನಾಚಿಕೆ ಬೇಡ.

ಹಿರಿಯರನ್ನು ಅದೇ ವಾರ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಬಿಪಿಯೂ ಇತ್ತು. ಡೈಕ್ಲೋಫೆನಾಕ್ ನಿಂತಿತು, ಬಿಪಿ ಮಾತ್ರೆ ಶುರುವಾಯಿತು. ಬಾಕಿಯಿದ್ದ ರಜೆ ತೆಗೆದುಕೊಂಡು ಊರಿಗೆ ಹೋಗಿ ಹುಬ್ಬಳ್ಳಿಯಲ್ಲಿ ಕಿಡ್ನಿ ಡಾಕ್ಟರರನ್ನೂ ಕಂಡರು. ಪೂರ್ತಿ ಮೊದಲಿನಂತೆ ಆಗಲಿಕ್ಕಿಲ್ಲ, ಆದರೆ ಇನ್ನು ಕೆಡದಂತೆ ನೋಡಿಕೊಳ್ಳಬಹುದು ಎಂದರಂತೆ. ಹೆಸರು ಹಾಕದೆ ಬರೆಯಿರಿ ಎಂದು ಅವರೇ ಅನುಮತಿ ಕೊಟ್ಟರು.

ಮೊನ್ನೆ ರಾತ್ರಿ ಅವರ ವಾಯ್ಸ್ ಮೆಸೇಜ್ ಬಂತು. ಹಿಂದೆ ಮೊಮ್ಮಗಳು ಅಳುವ ಸದ್ದು. "ಇವತ್ತ ರಿಪೋರ್ಟ್ ಬಂತ್ರಿ. ಒಂದು ಪಾಯಿಂಟ್ ಒಂಬತ್ತು ಐತಿ. ನಿಮ್ಮ ದುಬೈ ಲೆಕ್ಕದಾಗ ಎಷ್ಟಾತು, ಗುಣಿಸಿ ಹೇಳ್ರಿ."

ಗುಣಿಸಿದೆವು. 168.